ತೆರಿಗೆ ಕಟ್ಟಿದವರ ಮನೆ

ನಮ್ಮ ಮನೆಗೆ ಬಂದ ನೆಂಟರು ಮೊದಲು ಸೀನುತ್ತಿದ್ದರು, ಆಮೇಲೆ ಮಾತಿಗೆ ಕೂಡುತ್ತಿದ್ದರು. ಹಳೇ ಹುಬ್ಬಳ್ಳಿಯಿಂದ ಗಬ್ಬೂರಿನ ಕಡೆ ಹೋಗುವ ದಾರಿಗೆ ಹತ್ತಿಕೊಂಡ ಓಣಿಯಲ್ಲಿ ನಮ್ಮ ಮನೆ. ಅಜ್ಜನದು ಪೇಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರ. ಅಂಗಡಿಯಲ್ಲಿ ಹಿಡಿಸದ ಚೀಲಗಳೆಲ್ಲ ಮನೆಯ ಪಡಸಾಲೆಗೆ ಬರುತ್ತಿದ್ದವು. ಗೋಡೆಗುಂಟ ಚೀಲದ ಮೇಲೆ ಚೀಲ ಒಟ್ಟಿ, ನಡುವೆ ಉಳಿದ ಜಾಗದಲ್ಲಿ ನಾವು ಓದುವುದು, ಮಲಗುವುದು, ಜಗಳಾಡುವುದು. ಹಾಸಿಗೆಗೆ, ಪುಸ್ತಕಕ್ಕೆ, ತಲೆಗೂದಲಿಗೆ ಎಲ್ಲಕ್ಕೂ ಮೆಣಸಿನ ಘಾಟು. ಪಡಸಾಲೆ ದಾಟಿದರೆ ದೇವರ ಕೋಣೆ, ಅದರಾಚೆ ಅಡುಗೆಮನೆ. ಅಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅಜ್ಜಿ ಸುಡುತ್ತಿದ್ದಳು. ಅಜ್ಜಿಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಆಯಿ ಧಾರವಾಡದಲ್ಲಿ ಹುಟ್ಟಿ ಬೆಳೆದವಳು, ಆ ಕಾಲಕ್ಕೇ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಅಜ್ಜ ಜೋರಾಗಿ ಮಾತಾಡಿದಾಗಲೆಲ್ಲ, “ನಿಮ್ಮ ಹುಬ್ಬಳ್ಳ್ಯಾಗ ಜನಾ ಮಾತಾಡೂದಿಲ್ಲ, ರೇಟು ಕೂಗ್ತಾರ” ಎಂದು ಹಂಗಿಸುತ್ತಿದ್ದಳು.

ಅಜ್ಜನಿಗೆ ತೆರಿಗೆ ಎಂದರೆ ಮೈಯೆಲ್ಲ ಉರಿ. ಮಾರಾಟ ತೆರಿಗೆ, ಮನೆ ತೆರಿಗೆ, ವೃತ್ತಿ ತೆರಿಗೆ ಎಂದು ಒಂದೊಂದರ ಹೆಸರು ಹಿಡಿದು ಊಟದ ಹೊತ್ತಿನಲ್ಲೂ ಬೈಯುತ್ತಿದ್ದ. ಪೇಟೆಯ ಎಷ್ಟೋ ವ್ಯಾಪಾರಿಗಳು ಬಿಲ್ಲಿಲ್ಲದೆ ಮಾಲು ಸಾಗಿಸಿ ಹಾಯಾಗಿರುತ್ತಿದ್ದರು. ಅಜ್ಜ ಮಾತ್ರ ಬೈದುಕೊಳ್ಳುತ್ತಲೇ ಪೂರ್ತಿ ಕಟ್ಟಿ ಬರುತ್ತಿದ್ದ. ಅದೇ ಅಂಗಡಿಯಲ್ಲಿ ಅವನ ಕೈಕೆಳಗೆ ಕೂಡುತ್ತಿದ್ದ ನನ್ನ ಅಪ್ಪ ಒಂದು ದಿನ ರೊಟ್ಟಿ ಮುರಿಯುತ್ತ ಧೈರ್ಯ ಮಾಡಿ ಕೇಳಿಯೇಬಿಟ್ಟ:

“ಅಪ್ಪಾ, ಹಿಂಗ ಬೈಕೋತ ಕಟ್ಟೂದಕ್ಕಿಂತ ಎಲ್ಲಾರ ಹಂಗ ಒಂದಿಷ್ಟು ಬಿಟ್ಟು ಕಟ್ಟಿದ್ರ ಆಗಂಗಿಲ್ಲೇನು?”

“ಕಟ್ಟದಿದ್ದಾವಗ ಬೈಯೂ ಹಕ್ಕು ಎಲ್ಲಿಂದ ಬರ್ತೈತಿ? ನಾ ಜೀವ ಇರೂತನಕ ಬೈಬೇಕಂತ ಮಾಡೇನಿ. ಅದಕ್ಕ ಕಟ್ತೇನಿ.”

ಕಟ್ಟಿದ ಮೇಲೆ ಅಜ್ಜನ ದೃಷ್ಟಿಯಲ್ಲಿ ಅದು ಮುಂಗಡ ಕೊಟ್ಟ ವ್ಯಾಪಾರ. ಸರ್ಕಾರ ಮಾಲು ಕೊಡಲೇಬೇಕು, ನಾವು ಇಸಿದುಕೊಳ್ಳಲೇಬೇಕು. ಹಾಗಾಗಿ ನಮ್ಮ ಮನೆಯ ಮಕ್ಕಳೆಲ್ಲ ಓಣಿಯ ಸರ್ಕಾರಿ ಶಾಲೆಗೇ ಹೋಗಬೇಕು. ಪೇಟೆಗೆ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಜ್ವರ ಬಂದರೆ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲೇ ನಿಲ್ಲಬೇಕು. ಒಮ್ಮೆ ನಾನು ಮೆಣಸಿನ ಚೀಲದ ಮೇಲಿಂದ ಜಾರಿ ಬಿದ್ದು ಮುಂಗೈ ಮುರಿದುಕೊಂಡೆ. ಅಜ್ಜ ನನ್ನನ್ನು ಎತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಿದ. ಡಾಕ್ಟರು ಪ್ಲಾಸ್ಟರ್ ಹಾಕುತ್ತಿದ್ದರೆ, ಇವನು ಅಕ್ಕಪಕ್ಕದ ಮಂಚಗಳ ಕೆಳಗೆ ಬಗ್ಗಿ ಕಸ ಗುಡಿಸಿದ್ದಾರೋ ಇಲ್ಲವೋ ನೋಡುತ್ತಿದ್ದ. ನರ್ಸು ಗದರಿದಳು. “ಯವ್ವಾ, ನಾ ಏನ್ ತಪ್ಪು ಹುಡುಕಾಕ ಬಂದಿಲ್ಲ. ರೊಕ್ಕ ಕೊಟ್ಟ ಮಾಲು ಹೆಂಗೈತಿ ಅಂತ ನೋಡಾಕತ್ತೇನಿ” ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ. ಅವನ ಜೊತೆ ಓಡಾಡಿ ಬೆಳೆದ ನನಗೆ ಸರ್ಕಾರಿ ಕೌಂಟರಿನ ಮುಂದೆ ಕೈ ಚಾಚಿ ನಿಂತ ಭಾವ ಇವತ್ತಿಗೂ ಬರುವುದಿಲ್ಲ. ನಮ್ಮದನ್ನು ನಾವು ಕೇಳುತ್ತಿದ್ದೇವೆ ಅನಿಸುತ್ತದೆ, ಅಷ್ಟೆ.

ರಾಜ್ಯದ ಬಜೆಟ್ಟಿನ ದಿನ ನಮ್ಮ ಮನೆಯಲ್ಲಿ ಹಬ್ಬದಷ್ಟೇ ಗಂಭೀರ. ಅಜ್ಜ ಬೇಗ ಮಿಂದು, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಅಂಗಡಿಯ ಕೀಲಿ ಅಪ್ಪನ ಕೈಗೆ ಕೊಟ್ಟು ಟೀವಿಯ ಮುಂದೆ ಕೂತರೆ ಮುಗಿಯಿತು. ಒಗ್ಗರಣೆಯ ಸದ್ದಿನಲ್ಲಿ ಒಂದು ಮಾತು ತಪ್ಪಿದರೂ ಸಿಟ್ಟಾಗುತ್ತಾನೆಂದು ಆಯಿ ಆ ಹೊತ್ತಿಗೆ ಒಲೆಯ ಮೇಲೆ ಬಾಣಲೆ ಇಡುತ್ತಲೇ ಇರಲಿಲ್ಲ. ಭಾಷಣ ಮುಗಿಯುವವರೆಗೆ ನಾವು ಕೆಮ್ಮುವಂತಿಲ್ಲ, ಸೀನುವುದಂತೂ ಮಹಾಪರಾಧ. ಮುಗಿದ ಮೇಲೆ ಅಜ್ಜ ಧೋತರ ಕೊಡವಿ ಏಳುತ್ತಿದ್ದ. “ನಡೀರಿ, ಹ್ವಾದ ವರ್ಷದ ಮಾಲು ನೋಡಿ ಬರೂಣು” ಎಂದು ನಮ್ಮನ್ನು ಕರೆದುಕೊಂಡು ಹೊರಡುತ್ತಿದ್ದ. ಬೀದಿದೀಪ, ನಳ, ಗಟಾರ, ಬಸ್ ನಿಲ್ದಾಣ, ಕೊನೆಗೆ ನಮ್ಮ ಶಾಲೆ. ಬೇರೆಯವರ ಮಕ್ಕಳು ತೋಟ, ಸಿನೆಮಾ ನೋಡುತ್ತಿದ್ದ ವಯಸ್ಸಿನಲ್ಲಿ ನಾವು ಗಟಾರ ನೋಡಿದೆವು.

ಇದೆಲ್ಲ ಆಯಿಗೆ ಹಿಡಿಸುತ್ತಿರಲಿಲ್ಲ. ಮದುವೆ ಮುಂಜಿಗಳಿಗೆ ಹೋದಾಗ ನೆಂಟರ ಮೊಮ್ಮಕ್ಕಳು ಬೂಟು, ಟೈ ಕಟ್ಟಿಕೊಂಡು ಇಂಗ್ಲಿಷಿನಲ್ಲಿ ಪದ್ಯ ಒಪ್ಪಿಸುತ್ತಿದ್ದರು. ನನ್ನ ಸರದಿ ಬಂದಾಗ ನಾನು ವಚನ ಹೇಳುತ್ತಿದ್ದೆ. ಆಗೆಲ್ಲ ಆಯಿ ಸೆರಗು ಸರಿ ಮಾಡಿಕೊಳ್ಳುವ ನೆವದಲ್ಲಿ ಮುಖ ಆಚೆ ತಿರುಗಿಸುತ್ತಿದ್ದಳು. ಮನೆಗೆ ಬಂದ ಮೇಲೆ ಜಗಳ. “ಸಾವ್ಕಾರ್ರ ಮನಿ ಹುಡುಗಿ, ತ್ಯಾಪಿ ಹಚ್ಚಿದ ಪಾಟೀಚೀಲ ಹೊತ್ಕೊಂಡು ಹೊಂಟ್ರ ನನ್ನ ಹೊಟ್ಟ್ಯಾಗ ಹೆಂಗಾಗ್ತೈತಿ ಗೊತ್ತೇನ್ರಿ ನಿಮಗ?” ಎನ್ನುತ್ತಿದ್ದಳು. ಅಜ್ಜ ಝುಣಕ ಬಡಿಸಿಕೊಳ್ಳುತ್ತ, “ಸಾಲಿ ಫೀ ನಾ ಆಗಲೇ ಕಟ್ಟೇನಿ, ತೆರಿಗ್ಯಾಗ. ಎರಡನೇ ಸಲ ಕಟ್ಟಾಕ ನನಗೇನ್ ಹುಚ್ಚು ಹಿಡಿದೈತೇನು?” ಎನ್ನುತ್ತಿದ್ದ. ಅವನಿಗೆ ಅದೇ ಒಂದು ಉತ್ತರ.

ಆ ಶಾಲೆಯಲ್ಲಿ ನನಗೆ ಸಿಕ್ಕ ಗೆಳತಿ ಶಬಾನಾ. ಅವಳ ತಂದೆ ಇಮಾಮಸಾಬ ಬೈಪಾಸಿನ ಹತ್ತಿರದ ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡುವ ಮಿಸ್ತ್ರಿ. ಶಬಾನಾ ಗಣಿತದಲ್ಲಿ ಎಲ್ಲರಿಗಿಂತ ಚುರುಕು. ಬಾಯಿಲೆಕ್ಕದಲ್ಲಿ ಅವಳನ್ನು ಸೋಲಿಸಲು ನಾನು ಅಂಗಡಿಯಲ್ಲಿ ಕೂತು ಅಭ್ಯಾಸ ಮಾಡಿ ಹೋದರೂ ಆಗುತ್ತಿರಲಿಲ್ಲ. ನಾವು ಆರನೇ ಇಯತ್ತೆಗೆ ಬರುವ ಹೊತ್ತಿಗೆ ಶಾಲೆ ಸೊರಗತೊಡಗಿತು. ಒಬ್ಬ ಮಾಸ್ತರರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಇನ್ನೊಬ್ಬರು ವರ್ಗವಾಗಿ ಹೋದರು, ಆ ಜಾಗವೂ ಖಾಲಿ. ಸರ್ಕಾರ ಖರ್ಚು ಕಡಿಮೆ ಮಾಡಲು ಹೊಸ ನೇಮಕ ನಿಲ್ಲಿಸಿದೆ ಎಂದರು. ಕೊನೆಗೆ ಉಳಿದವರು ಸರೋಜಾ ಅಕ್ಕೋರು ಒಬ್ಬರೇ. ಒಂದನೆಯವರಿಗೆ ಅಕ್ಷರ ಬರೆಯಲು ಹೇಳಿ ನಮ್ಮ ಕೋಣೆಗೆ ಓಡಿ ಬರುತ್ತಿದ್ದರು. ನಮಗೆ ಲೆಕ್ಕ ಕೊಟ್ಟು ನಾಲ್ಕನೆಯವರ ಗದ್ದಲ ಅಡಗಿಸಲು ಓಡುತ್ತಿದ್ದರು. ಓದಿಸುವವರಿಲ್ಲ ಎಂದು ಅನುಕೂಲ ಇದ್ದವರು ಮಕ್ಕಳನ್ನು ಬಿಡಿಸಿ ಖಾಸಗಿ ಶಾಲೆಗೆ ಹಾಕಿದರು. ಅನುಕೂಲ ಇಲ್ಲದವರು ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೆ ಉಳಿಸಿಕೊಂಡರು. ಆಮೇಲೆ ಮೇಲಿನಿಂದ ಸುದ್ದಿ ಬಂತು: ಈ ಶಾಲೆಯಲ್ಲಿ ಮಕ್ಕಳು ಕಡಿಮೆ, ಬರುವ ವರ್ಷದಿಂದ ದೊಡ್ಡ ರಸ್ತೆಯ ಆಚೆಗಿರುವ ಶಾಲೆಗೆ ಸೇರಿಸಿಬಿಡುತ್ತಾರೆ.

ಮರುದಿನ ಇಮಾಮಸಾಬ ನಮ್ಮ ಮನೆಗೆ ಬಂದ. ಕೈಯ ಗ್ರೀಸು ಕಟ್ಟೆಗೆ ಹತ್ತದಂತೆ ನಿಂತೇ ಮಾತಾಡಿದ.

“ಸಾವ್ಕಾರ್ರ, ಆ ರೋಡ್ ಮ್ಯಾಲೆ ಲಾರಿ ಹೆಂಗ ಓಡ್ತಾವ ನನಗ ಗೊತ್ತೈತ್ರಿ. ಬ್ರೇಕ್ ಹತ್ತದ ಲಾರೀನ ದಿನಾ ನಾ ರಿಪೇರಿ ಮಾಡ್ತೇನಿ. ಆ ರೋಡ್ ದಾಟಿ ಹೋಗು ಅಂತ ಮಗಳಿಗೆ ಹೆಂಗ ಹೇಳ್ಲಿ? ಈಕಿ ಸಾಲಿ ಇಲ್ಲಿಗೇ ಮುಗೀತ್ರಿ.”

ಅಜ್ಜ ಅಂದೇ ಅಂಗಿ ತೊಟ್ಟು ಶಿಕ್ಷಣ ಇಲಾಖೆಯ ಕಚೇರಿಗೆ ಹೋದ. ಅಲ್ಲಿದ್ದ ಅಧಿಕಾರಿ ಸಭ್ಯರು, ಕುರ್ಚಿ ಕೊಟ್ಟು ಕೂಡಿಸಿ ಇದ್ದದ್ದು ಹೇಳಿದರಂತೆ. ಹುದ್ದೆ ತುಂಬುವುದು ಅವರ ಕೈಯಲ್ಲಿಲ್ಲ, ಹಣಕಾಸಿನವರು ಒಪ್ಪಬೇಕು, ಮಕ್ಕಳ ಸಂಖ್ಯೆ ಇಷ್ಟು ಕಡಿಮೆ ಇದ್ದರೆ ಒಪ್ಪುವುದಿಲ್ಲ. ಅಜ್ಜ ಮನೆಗೆ ಬಂದು ನೀರು ಕುಡಿದು, “ಮಾಲು ಕಳಿಸೂದು ಬಿಟ್ರು, ಗಿರಾಕಿ ಹ್ವಾದ್ರು. ಈಗ ಗಿರಾಕಿ ಇಲ್ಲ ಅಂತ ಅಂಗಡೀನ ಮುಚ್ಚತಾರಂತ” ಎಂದ. ಅವತ್ತು ಅವನು ಬೈಯಲಿಲ್ಲ. ಅದು ಕಂಡು ನಮಗೆಲ್ಲ ಹೆದರಿಕೆಯಾಯಿತು.

ಆಯಿಗೆ ಮಾತ್ರ ಒಳಗೊಳಗೇ ಸಮಾಧಾನ. ಇನ್ನಾದರೂ ಮೊಮ್ಮಗಳು ಛಲೋ ಶಾಲೆಗೆ ಹೋಗುತ್ತಾಳೆ ಎಂದು, ಅಜ್ಜನಿಗೆ ಹೇಳದೆ, ನನ್ನ ವರ್ಗಾವಣೆ ದಾಖಲೆ ತೆಗೆಸಲು ಒಂದು ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಶಾಲೆಗೆ ಬಂದಳು. ನಾವು ಓದಲು ಹತ್ತಿದ ಮೇಲೆ ಅವಳು ಆ ಶಾಲೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅಕ್ಕೋರು ಒಂದನೇ ಇಯತ್ತೆಯಲ್ಲಿ ಸಿಕ್ಕಿಕೊಂಡಿದ್ದರು. “ಸ್ವಲ್ಪ ಕೂಡ್ರಿ ಅಮ್ಮಾರ, ಬಂದೆ” ಎಂದು ಮೂರನೆಯವರ ಕೋಣೆಯಲ್ಲಿ ಕುರ್ಚಿ ತೋರಿಸಿ ಓಡಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕುರ್ಚಿಯಲ್ಲಿ ಯಾರೋ ದೊಡ್ಡವರು ಕೂತದ್ದೇ ತಡ, ಒಬ್ಬ ಪುಟ್ಟ ಹುಡುಗಿ ಎದ್ದು ಬಂದು ಪಾಟಿ ಚಾಚಿದಳು: “ಅಕ್ಕೋರ, ಬರೋಬ್ಬರಿ ಐತೇನ್ರಿ?” ಆಯಿ ಅತ್ತ ಇತ್ತ ನೋಡಿದಳು. ಪಾಟಿ ತೆಗೆದುಕೊಂಡು ಒಂದು ಒತ್ತಕ್ಷರ ತಿದ್ದಿದಳು. ಅವಳ ಹಿಂದೆ ಇನ್ನೊಂದು ಪಾಟಿ ಬಂತು. ಅದರ ಹಿಂದೆ ಇಡೀ ಕೋಣೆ ಸಾಲುಗಟ್ಟಿ ನಿಂತಿತು. ಅಕ್ಕೋರು ಬರುವ ಹೊತ್ತಿಗೆ ಆಯಿ ಎದ್ದು ಹಲಗೆಯ ಮುಂದೆ ನಿಂತು, ಧಾರವಾಡದ ತಿಳಿಯಾದ ದನಿಯಲ್ಲಿ ‘ಳ’ಕ್ಕೂ ‘ಲ’ಕ್ಕೂ ಇರುವ ಭೇದ ಹೇಳಿಕೊಡುತ್ತಿದ್ದಳು. ಮಧ್ಯಾಹ್ನ ಬಿಸಿಯೂಟದ ಗಂಟೆ ಬಾರಿಸಿದ ಮೇಲೇ ಅವಳು ಮನೆಗೆ ಹೊರಟದ್ದು. ಸೀರೆಯ ತುಂಬ ಸೀಮೆಸುಣ್ಣದ ಪುಡಿ. ದಾಖಲೆಯ ಮಾತು ಮರೆತೇಹೋಗಿತ್ತು. ಮರುದಿನವೂ ಹೋದಳು. ಆಮೇಲೆ ದಿನಾ ಹೋದಳು. ರೊಟ್ಟಿಯ ಕೆಲಸ ಪೂರ್ತಿ ಅವ್ವನ ಮೇಲೆ ಬಿತ್ತು. ಅವ್ವ ನಸುಕಿನಲ್ಲೇ ಎದ್ದು ಮುಗಿಸತೊಡಗಿದಳು.

ಸಂತೋಷಪಡಬೇಕಾಗಿದ್ದ ಅಜ್ಜ ಕಿಡಿಕಿಡಿಯಾದ. ನಮ್ಮ ಮನೆಯ ಅತಿ ದೊಡ್ಡ ಜಗಳ ನಡೆದದ್ದು ಆ ವಾರ, ಊಟದ ತಾಟಿನ ಮುಂದೆ.

“ನಾ ರೊಕ್ಕ ಕಟ್ಟಿ ತರಸಬೇಕಾದ ಮಾಸ್ತರಕಿ ನೀ ಪುಕ್ಕಟ ಮಾಡಾಕತ್ತಿ. ನೀ ಹೋಗಿ ನಿಂತ್ರ ಸರ್ಕಾರದವರು ಆರಾಮ ಮಲ್ಕೋತಾರ. ಹೆಂಗೂ ನಡದೈತಲ್ಲ ಅಂತಾರ.”

“ಸರ್ಕಾರ ಏಳೂತನಕ ಹುಡುಗೂರು ದೊಡ್ಡಾವಾಗಿ ಹೋಗ್ತಾವ್ರಿ. ಮೂರನೇ ಇಯತ್ತೆ ಅನ್ನೂದು ಜನ್ಮದಾಗ ಒಮ್ಮೆ ಬರ್ತೈತಿ. ನಿಮ್ಮ ಬಜೆಟ್ಟು ವರ್ಷಾ ಬರ್ತೈತಿ.”

ಅಜ್ಜನ ಮಾತಿಗೆ ಅಷ್ಟು ಚೆಂದದ ಎದುರುಮಾತು ಪೇಟೆಯಲ್ಲಿ ಯಾರೂ ಆಡಿರಲಿಲ್ಲ. ಇಬ್ಬರ ಮಾತೂ ಸರಿಯೇ ಎಂದು ನನಗೆ ಆಗಲೇ ಅನಿಸಿತ್ತು. ಇಷ್ಟು ವರ್ಷ ಕಳೆದ ಮೇಲೂ ನಾನು ಒಬ್ಬರನ್ನು ಬಿಟ್ಟು ಒಬ್ಬರ ಪಕ್ಷ ಹಿಡಿಯಲಾರೆ. ಅವರೂ ರಾಜಿಯಾಗಲಿಲ್ಲ. ಆದರೆ ಆವತ್ತಿನಿಂದ ಒಂದೇ ಕೆಲಸವನ್ನು ಎರಡು ಕಡೆಯಿಂದ ಹಿಡಿದರು. ಆಯಿ ಶಬಾನಾಳ ತಾಯಿಯನ್ನು ಜೊತೆ ಮಾಡಿಕೊಂಡು ಸಂಜೆ ಮನೆಮನೆಗೆ ಹೋದಳು. ಶಾಲೆ ಬಿಟ್ಟು ತಮ್ಮಂದಿರನ್ನು ಆಡಿಸುತ್ತ ಕೂತ ಹುಡುಗಿಯರ ತಾಯಂದಿರ ಪಕ್ಕ ಕೂತು, ಅವಲಕ್ಕಿ ತಿಂದು, ಚಹಾ ಕುಡಿದು, “ನಾಳಿಂದ ಕಳಸವಾ, ನಾ ಇರ್ತೇನಲ್ಲ” ಎಂದಳು. ಆಯಿ ಇರುತ್ತಾಳೆಂದರೆ ಸಾಕು, ಕಳಿಸಿದರು. ಅಜ್ಜ ಪೇಟೆಯಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದ. ಎಷ್ಟೋ ಜನ ನಕ್ಕು ಕಳಿಸಿದರು. ಆದರೂ ನಮ್ಮ ಓಣಿಯಲ್ಲಿ ಮನೆ ಇದ್ದ ಒಂದಿಬ್ಬರು ಸಣ್ಣ ವ್ಯಾಪಾರಿಗಳು, ಖಾಸಗಿ ಶಾಲೆಯ ಫೀ ಕಟ್ಟಿ ಕಟ್ಟಿ ಸಾಕಾದವರು, ಮಕ್ಕಳನ್ನು ವಾಪಸು ತಂದರು. ಚಳಿಗಾಲ ಬರುವಷ್ಟರಲ್ಲಿ ಕೋಣೆಗಳಲ್ಲಿ ಕೂಡಲು ಜಾಗ ಸಾಲದೆ ಐದನೆಯವರು ಬೇವಿನ ಗಿಡದ ಕೆಳಗೆ ಕೂತರು.

ಮಕ್ಕಳೇನೋ ತುಂಬಿದರು, ಮಾಸ್ತರರು ಬರಲಿಲ್ಲ. ಅಷ್ಟರಲ್ಲಿ, ಬಜೆಟ್ಟಿಗೆ ಮುಂಚೆ ವ್ಯಾಪಾರಿಗಳ ಅಹವಾಲು ಕೇಳಲು ಮಂತ್ರಿಗಳೊಬ್ಬರು ಹುಬ್ಬಳ್ಳಿಗೆ ಬರುತ್ತಾರೆಂದು ಗೊತ್ತಾಯಿತು. ಮೆಣಸಿನಕಾಯಿಯ ತೆರಿಗೆ ಇಳಿಸಿ ಎಂದು ಕೇಳಲು ಪೇಟೆಯವರು ಅಜ್ಜನನ್ನೇ ಆರಿಸಿದರು. ವ್ಯವಹಾರ ಚೊಕ್ಕ ಇದ್ದವನ ಮಾತಿಗೆ ತೂಕ ಹೆಚ್ಚು, ಮೇಲಾಗಿ ಅವನಷ್ಟು ತೆರಿಗೆಯನ್ನು ಬೈದವರು ಊರಲ್ಲೇ ಇರಲಿಲ್ಲ. ಇಡೀ ಜನ್ಮ ಅವನು ಕಾದದ್ದು ಇಂಥ ಅವಕಾಶಕ್ಕೆ. ಆ ದಿನ ಅಜ್ಜ ಹೊಸ ಧೋತರ ಉಟ್ಟು, ಶಾಲೆಯ ಸಮವಸ್ತ್ರದಲ್ಲಿದ್ದ ನನ್ನನ್ನೂ ಶಬಾನಾಳನ್ನೂ ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದ. ಯಾಕೆಂದು ನಾವು ಕೇಳಲಿಲ್ಲ. ಗಟಾರ ತೋರಿಸಲು ಕರೆದೊಯ್ಯುತ್ತಿದ್ದವನು, ಇವತ್ತು ಮಂತ್ರಿಯನ್ನು ತೋರಿಸುತ್ತಾನೆ ಅಂದುಕೊಂಡೆವು.

ದೊಡ್ಡ ಸಭಾಂಗಣ. ಮುಂದಿನ ಸಾಲಿನಲ್ಲಿ ಹತ್ತಿ, ಎಣ್ಣೆ, ಬಟ್ಟೆ, ಕಬ್ಬಿಣದ ವ್ಯಾಪಾರಿಗಳು. ಒಬ್ಬೊಬ್ಬರೂ ಎದ್ದು ತಮ್ಮ ತಮ್ಮ ಮಾಲಿನ ತೆರಿಗೆ ಇಳಿಸಿ ಎಂದರು. ಒಬ್ಬೊಬ್ಬರಿಗೂ ಚಪ್ಪಾಳೆ ಬಿತ್ತು. ಅಜ್ಜನ ಹೆಸರು ಕೂಗಿದರು. ಅವನು ನಮ್ಮಿಬ್ಬರ ಕೈ ಹಿಡಿದೇ ಮೈಕಿನ ಹತ್ತಿರ ಹೋದ.

“ಸಾಹೇಬ್ರ, ಮೆಣಸಿನಕಾಯಿ ಮ್ಯಾಲಿನ ತೆರಿಗಿ ಇಳಸ್ರಿ ಅಂತ ಕೇಳಾಕ ನನ್ನ ಕಳಿಸ್ಯಾರ. ನನಗೂ ಅದನ್ನ ಕಂಡ್ರ ಆಗಂಗಿಲ್ಲ, ಖರೇನ ಹೇಳ್ತೇನಿ. ಆದ್ರ ಇವತ್ತ ಎಲ್ಲಾರೂ ಇಳಸ್ರಿ ಅಂದ್ರು. ನೀವು ಎಲ್ಲಾರ್ದೂ ಇಳಿಸಿದ್ರ, ನಾಳೆ ನಮ್ಮ ಓಣಿ ಸಾಲಿಗೆ ಮಾಸ್ತರ ಬೇಕ್ರಿ ಅಂದಾಗ ರೊಕ್ಕ ಇಲ್ಲ ಅಂತೀರಿ. ಅದಕ್ಕ ನನ್ನ ತೆರಿಗಿ ಹಂಗ ಇರಲಿ. ತಗೊಂಡ ರೊಕ್ಕಕ್ಕ ಮಾಲು ಕೊಡ್ರಿ. ಈ ಹುಡುಗ್ಯಾರಿಗೆ ಮಾಸ್ತರನ್ನ ಕೊಡ್ರಿ.”

ಚಪ್ಪಾಳೆ ಬೀಳಲಿಲ್ಲ. ಹಿಂದಿನಿಂದ ಯಾರೋ “ಕುಂಡರ್ರಿ, ಕುಂಡರ್ರಿ” ಎಂದು ಕೂಗಿದರು. ಮಂತ್ರಿಗಳು ಕನ್ನಡಕ ತೆಗೆದು ನಮ್ಮತ್ತ ನೋಡಿದರು. ಅವರು ಶಬಾನಾಳಿಗೆ, “ಏನ್ ಕಲಿಯಾಕತ್ತೀಯವಾ ಈಗ?” ಎಂದು ಕೇಳಿದರು.

“ದಶಾಂಶದ ಭಾಗಾಕಾರ ಅರ್ಧಕ್ಕ ನಿಂತೈತ್ರಿ. ಅಕ್ಕೋರು ಒಂದನೆಯವರ ಕಡೆ ಹೋಗಬೇಕಾತ್ರಿ.”

ಸಭೆ ನಕ್ಕಿತು. ಅವಳು ನಗಲಿಲ್ಲ. ಉಳಿದರ್ಧ ಯಾವಾಗ ಹೇಳಿಕೊಡುತ್ತೀರಿ ಎನ್ನುವ ಹಾಗೆ ಮಂತ್ರಿಗಳ ಮುಖವನ್ನೇ ನೋಡುತ್ತ ನಿಂತಳು. ನಗು ತಾನಾಗಿ ನಿಂತಿತು. ಮಂತ್ರಿಗಳು ಪಕ್ಕದಲ್ಲಿದ್ದವರಿಗೆ ಏನೋ ಹೇಳಿದರು, ಅವರು ಬರೆದುಕೊಂಡರು. ಅಷ್ಟೇ ಆದದ್ದು. ಹೊರಗೆ ಬಂದಾಗ ಪೇಟೆಯವರು ಅಜ್ಜನನ್ನು ಮಾತಾಡಿಸಲಿಲ್ಲ. ಎಷ್ಟೋ ದಿನ ಅಂಗಡಿಗೆ ಖರೀದಿದಾರರೂ ಬರಲಿಲ್ಲ. ಮನೆಯ ಪಡಸಾಲೆಯಲ್ಲಿ ಚೀಲಗಳು ಮಾಡು ಮುಟ್ಟಿದವು, ನಾವು ಅಡ್ಡಡ್ಡ ನಡೆದು ಒಳಗೆ ಹೋಗಬೇಕಾಯಿತು. ಅಪ್ಪ ಚಿಂತೆಯಲ್ಲಿ ಸಣ್ಣಗಾದ. ಆಯಿ ಮಾತ್ರ ಸಭೆ ನಡೆದ ಸಂಜೆ ಶಾಲೆಯಿಂದ ಬಂದವಳೇ, ತಾನೇ ಒಲೆಯ ಮುಂದೆ ಕೂತು ಅಜ್ಜನಿಗೆ ಪ್ರೀತಿಯ ಬದನೆಕಾಯಿ ಎಣಗಾಯಿ ಮಾಡಿದಳು. ಬಡಿಸುವಾಗ ಒಂದೇ ಮಾತು ಅಂದಳು: “ಇವತ್ತ ನೀವು ರೇಟು ಕೂಗಲಿಲ್ಲ. ಮಾತಾಡಿದ್ರಿ.” ಅಜ್ಜ ತಲೆ ಎತ್ತದೆ ಉಂಡ. ಅವನ ಕಿವಿಗಳು ಕೆಂಪಾಗಿದ್ದವು.

ಅಜ್ಜನ ಮಾತಿನಿಂದಲೋ, ಶಬಾನಾಳ ನೋಟದಿಂದಲೋ, ತುಂಬಿ ತುಳುಕುತ್ತಿದ್ದ ಕೋಣೆಗಳಿಂದಲೋ ನಾನು ಹೇಳಲಾರೆ. ಆ ಸಲದ ಬಜೆಟ್ಟಿನಲ್ಲಿ ಶಿಕ್ಷಕರ ನೇಮಕಕ್ಕೆ ಹಣ ಇಟ್ಟರು. ಮೆಣಸಿನಕಾಯಿಯ ತೆರಿಗೆ ಇದ್ದಲ್ಲೇ ಇತ್ತು. ಟೀವಿಯ ಮುಂದೆ ಅಜ್ಜ ಎರಡೂ ಸುದ್ದಿ ಕೇಳಿ ಮೊದಲನೆಯದಕ್ಕೆ ತೊಡೆ ತಟ್ಟಿದ, ಎರಡನೆಯದಕ್ಕೆ ಬಾಯಿ ತುಂಬ ಬೈದ. ಬೇಸಿಗೆ ಸೂಟಿ ಮುಗಿಯುವ ಮೊದಲೇ ಶಾಲೆಯನ್ನು ಬೇರೆಡೆ ಸೇರಿಸುವ ಮಾತು ಬಿದ್ದುಹೋಯಿತು. ಕಚೇರಿಯ ಆ ಸಭ್ಯ ಅಧಿಕಾರಿ ತಾವೇ ಬಂದು ಹೇಳಿ, ಆಯಿಯ ಕೈಯ ಚಹಾ ಕುಡಿದು ಹೋದರು. ಪೇಟೆಯವರ ಸಿಟ್ಟೂ ಹೊಸ ಮೆಣಸಿನಕಾಯಿಯ ಹಂಗಾಮು ಬರುವಷ್ಟರಲ್ಲಿ ಇಳಿಯಿತು. ಒಳ್ಳೆಯ ಮಾಲು ಅಜ್ಜನಲ್ಲೇ ಇತ್ತಲ್ಲ.

ಮಳೆಗಾಲದ ಮೊದಲಲ್ಲಿ ಒಂದು ಬೆಳಿಗ್ಗೆ ಓಣಿಯ ತುದಿಯಲ್ಲಿ ಬಸ್ಸು ನಿಂತು, ಚೀಲ ಹಿಡಿದ ಇಬ್ಬರು ಹೊಸ ಅಕ್ಕೋರು, ಒಬ್ಬ ಹೊಸ ಮಾಸ್ತರರು ಇಳಿದರು. ಮಕ್ಕಳು ಓಡಿ ಸುದ್ದಿ ತಂದರು. ಗ್ಯಾರೇಜಿನಿಂದ ಇಮಾಮಸಾಬ ಕೈ ಒರೆಸಿಕೊಳ್ಳುತ್ತ ಬಂದ. ಕಟ್ಟೆಗಳ ಮೇಲೆ ಹೆಂಗಸರು ನಿಂತರು. ಮದುವೆಯ ಬೀಗರನ್ನು ಎದುರುಗೊಳ್ಳುವ ಹಾಗೆ ಇಡೀ ಓಣಿ ಅವರನ್ನು ಶಾಲೆಯವರೆಗೆ ಕರೆದುಕೊಂಡು ಹೋಯಿತು. ಸರೋಜಾ ಅಕ್ಕೋರು ಬಾಗಿಲಲ್ಲಿ ನಿಂತು ಅಳುತ್ತಿದ್ದರು, ನಗುತ್ತಲೂ ಇದ್ದರು. ಆಯಿ ತನ್ನ ಮೂರನೆಯವರನ್ನು ಹೊಸ ಅಕ್ಕೋರಿಗೆ ಒಪ್ಪಿಸಿದಳು. ಯಾರಿಗೆ ಹಲಗೆ ಕಾಣುವುದಿಲ್ಲ, ಯಾರು ಹೆದರಿದರೆ ತೊದಲುತ್ತಾರೆ, ಯಾರನ್ನು ಯಾರ ಪಕ್ಕ ಕೂಡಿಸಬಾರದು, ಎಲ್ಲವನ್ನೂ ಹೇಳಿ ಮೆಟ್ಟಿಲು ಇಳಿದಳು. ಶಬಾನಾ ಮತ್ತು ನಾನು ಏಳನೇ ಇಯತ್ತೆಯ ಮೊದಲ ಬೆಂಚಿಗೆ ಓಡಿದೆವು. ಮಾಸ್ತರರು ಸೀಮೆಸುಣ್ಣದ ತುಂಡು ಹಿಡಿದು, ಎಲ್ಲಿಂದ ಶುರು ಮಾಡೋಣ ಎಂದು ಕೇಳಿದರು. ಶಬಾನಾ ಎದ್ದು ನಿಂತೇ ಇದ್ದಳು.

ಸಂಜೆ ನಾನು ಮನೆಗೆ ಬಂದಾಗ ಅಜ್ಜ ಅಂಗಡಿಯಿಂದ ಬೇಗ ಬಂದು ಕಟ್ಟೆಯ ಮೇಲೆ ಕೂತಿದ್ದ. ಆಯಿ ಪಕ್ಕದಲ್ಲಿ ಕಾಲು ಚಾಚಿ, ಅಷ್ಟು ತಿಂಗಳ ದಣಿವು ಇಳಿಸುತ್ತಿದ್ದಳು. ಅಜ್ಜನಿಗೆ ಗೆದ್ದ ಹಿಗ್ಗು ಎಷ್ಟಿದ್ದರೂ ವ್ಯಾಪಾರಿಯ ಕಸಿವಿಸಿ ಬಿಟ್ಟಿರಲಿಲ್ಲ.

“ಎಲ್ಲಾ ಛಲೋ ಆತು, ಖರೇ. ಆದ್ರ ನೀ ಇಷ್ಟು ದಿನಾ ದುಡದಿದ್ದಕ್ಕ ಸರ್ಕಾರ ಒಂದ್ ಪೈ ಕೊಡಲಿಲ್ಲ ನೋಡು. ನಾ ಕೇಳಾಂವನ. ಬಿಡಂಗಿಲ್ಲ.”

“ಏನೂ ಕೇಳಬ್ಯಾಡ್ರಿ” ಎಂದಳು ಆಯಿ. “ಇಷ್ಟ ವರ್ಷ ನೀವು ಕಟ್ಟಿದ್ರಿ. ನನ್ನ ಕಡೆ ಕಟ್ಟಾಕ ಏನಿತ್ತು? ಈ ವರ್ಷ ನಾ ಕಟ್ಟೇನಿ.”

ಆಯಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಟಾರದ ಕಡೆ ಕೈ ಮಾಡಿ, ಓಣಿಗೆಲ್ಲ ಕೇಳುವ ಹಾಗೆ ದನಿ ಎತ್ತಿದಳು:

“ಇನ್ನ ನಾನೂ ಬೈತೇನಿ. ಮೊದಲ ಈ ಗಟಾರ ಸ್ವಚ್ಛ ಮಾಡಸ್ರಿ ಅಂತ ಹೇಳ್ರಿ ಅವರಿಗೆ!”